ಗುರಪ್ಪ ಸರ್ ಪೇಪರು ಬಯಲಿಗೆ ಬಿದ್ದದ್ದು

ಎಲ್ಲ ರಗಳೆಗೂ ಮೂಲ ಬೀರಣ್ಣನ ಮೊಬೈಲಿನಲ್ಲಿ ಮೂಡಿದ ಒಂದು ಬೀಗದ ಚಿತ್ರ. ಅದು ಹೆಬ್ಬೆರಳಿನ ಉಗುರಿನಷ್ಟೂ ಇರಲಿಲ್ಲ. ಆದರೆ ಗುರಪ್ಪ ಹಂಜಗಿಯವರ ಹಲವು ವರ್ಷದ ದುಡಿಮೆಯನ್ನು ಒಂದೇ ದಿನದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಲು ಅಷ್ಟೇ ಸಾಕಾಯಿತು.

ಗುರಪ್ಪ ಸರ್ ಇಂಡಿ ಪಟ್ಟಣದ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ವಯಸ್ಸು ನಲವತ್ತು ದಾಟಿ ಕಿವಿಯ ಹತ್ತಿರ ಬೆಳ್ಳಿ ಮೂಡಿದ್ದರೂ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಈ ವರ್ಷ ಡಾಕ್ಟರೇಟ್ ತಂದ್ರ ಕಾಯಂ, ಇಲ್ಲಾಂದ್ರ ನಿಮ್ಮ ದಾರಿ ನಿಮಗ" ಎಂದು ಆಡಳಿತ ಮಂಡಳಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ಗುರಪ್ಪ ಸರ್ ಲಿಂಬೆ ಗಿಡದ ಬೆನ್ನು ಹತ್ತಿದ್ದರು. ಇಂಡಿ ಸೀಮೆಯ ತೋಟಗಳಲ್ಲಿ ಬೊಡ್ಡೆಯಿಂದ ಅಂಟು ಸೋರಿ ಗಿಡಗಳು ನಿಂತಲ್ಲೇ ಒಣಗುತ್ತಿದ್ದವು. ತಾಂಬಾ ಊರಿನ ರೈತ ಬೀರಣ್ಣನ ತೋಟದಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಕೂತು, ಎದ್ದು, ಕೆಸರಲ್ಲಿ ಬಿದ್ದು ಅವರು ಕಾರಣ ಕಂಡುಹಿಡಿದರು. ಡ್ರಿಪ್ ಪೈಪು ಬೊಡ್ಡೆಗೆ ತಾಗಿಕೊಂಡು ತೊಟ್ಟಿಕ್ಕುತ್ತದೆ, ತೊಗಟೆ ಒದ್ದೆಯಾಗಿ ಕೊಳೆಯುತ್ತದೆ. ಪೈಪನ್ನು ದೂರ ಸರಿಸಿ, ಬುಡಕ್ಕೆ ಮಣ್ಣು ಏರಿಸಿದರೆ ಗಿಡ ಉಳಿಯುತ್ತದೆ. ಇಷ್ಟನ್ನೇ ಇಂಗ್ಲಿಷಿನಲ್ಲಿ ಇಪ್ಪತ್ತು ಪುಟಕ್ಕೆ ಹಿಗ್ಗಿಸಿ ಬರೆದದ್ದು ಒಂದು ದೊಡ್ಡ ವಿದೇಶಿ ಜರ್ನಲ್‌ನಲ್ಲಿ ಅಚ್ಚಾಗಿತ್ತು. ಪಿಎಚ್‌ಡಿ ಪ್ರಬಂಧದ ಜೀವಾಳವೂ ಅದೇ ಪೇಪರು.

ಅವತ್ತು ಮುಂಜಾನೆ ಗುರಪ್ಪ ಸರ್ ಚಹಾದ ಬಸಿ ತುಟಿಗೆ ಹಚ್ಚುವಷ್ಟರಲ್ಲಿ ಬೀರಣ್ಣ ಮತ್ತು ಅವನ ತಾಯಿ ಸಾತವ್ವ ಬಾಗಿಲಲ್ಲಿ ನಿಂತಿದ್ದರು. ಬೀರಣ್ಣನ ಕೈಯಲ್ಲಿ ಮೊಬೈಲು, ಸಾತವ್ವನ ಕೈಯಲ್ಲಿ ಲಿಂಬೆಕಾಯಿಯ ಚೀಲ, ಇಬ್ಬರ ಮುಖದಲ್ಲೂ ಸಿಟ್ಟು.

"ಸರ, ಇದೇನ್ರಿ?" ಬೀರಣ್ಣ ಮೊಬೈಲನ್ನು ಅವರ ಮೂಗಿನ ತನಕ ತಂದ. "ನಾ ಪೈಪ್ ಸರಿಸೀನಿ, ನನ್ನ ಗಿಡ ಚಿಗತಾವ. ಊರಾಗ ಮಂದಿಗಿ ಹೇಳಿದ್ರ ನಂಬವಲ್ರು. ಎಲ್ಲಿ ಬರದೈತಿ ತೋರಸು ಅಂತಾರ. ತೋರಸಾಕ ಒತ್ತಿದ್ರ ಬೀಗ ಬೀಳತೈತಿ. ಡಾಲರ್ ಕೊಡು ಅಂತೈತಿ!"

"ಕಾಕಾ, ಅದು ಹಂಗ ಐತಿ. ಜರ್ನಲ್‌ನವ್ರು ರೊಕ್ಕ ತುಂಬಿದವ್ರಿಗಷ್ಟ ಓದಾಕ ಬಿಡ್ತಾರ."

"ನಮ್ಮ ಗಿಡದ ರೋಗ ಪರದೇಶದವ್ರಿಗೆ ಮಾರೀರೇನ್ರಿ?"

"ಮಾರಿಲ್ಲೋ ಮಾರಾಯಾ! ನನಗ ಒಂದು ಪೈಸಾ ಬಂದಿಲ್ಲ. ಬರದಾಂವ ನಾ, ಪುಕ್ಕಟ ಬರದೀನಿ. ಬರದದ್ದು ಖರೆ ಐತೋ ಇಲ್ಲೋ ನೋಡಿದವ್ರು ನನ್ನಂಥಾ ಬ್ಯಾರೆ ಮಾಸ್ತರಗೋಳು, ಅವರೂ ಪುಕ್ಕಟ ನೋಡ್ಯಾರ."

ಸಾತವ್ವ ಚೀಲವನ್ನು ದೊಪ್ಪನೆ ಕೆಳಗಿಟ್ಟಳು. "ಅಂದ್ರ ಎಮ್ಮಿ ನಮ್ದು, ಮೇವು ನಮ್ದು, ಹಿಂಡಿದಾಂವ ನೀ. ಹಾಲು ಕುಡೀಬೇಕಂದ್ರ ನಾವು ಅವ್ರಿಗೆ ರೊಕ್ಕ ಕೊಡಬೇಕೇನೋ ತಮ್ಮಾ?"

ಇದಕ್ಕಿಂತ ಚೆನ್ನಾಗಿ ಗುರಪ್ಪ ಸರ್‌ಗೂ ಹೇಳಲು ಬರುತ್ತಿರಲಿಲ್ಲ. ಆದರೂ ಮಾಸ್ತರಿಕೆಯ ಚಟ ಬಿಡಬೇಕಲ್ಲ. "ಇನ್ನೊಂದು ಪದ್ಧತಿ ಐತಿ ಯವ್ವಾ. ಓಪನ್ ಆಕ್ಸೆಸ್ ಅಂತಾರ. ಬೀಗ ಹಾಕೂದ ಇಲ್ಲ, ಜಗತ್ತಿನಾಗ ಯಾರು ಬೇಕಾದ್ರೂ ಓದಬಹುದು. ಆದರ ಈ ಜರ್ನಲ್‌ನ್ಯಾಗ ಅದಕ್ಕ ಬರದಾಂವನ ರೊಕ್ಕ ತುಂಬಬೇಕು. ಅವ್ರು ಕೇಳೂ ರೊಕ್ಕದಾಗ ಒಂದು ಹಳೇ ಟ್ರ್ಯಾಕ್ಟರ್ ಬರತೈತಿ."

"ಓದಾಂವ ಕೊಟ್ರ ಬೀಗ ತಗೀತಾರ, ಇಲ್ಲಾ ಬರದಾಂವ ಕೊಟ್ರ ಬೀಗ ತಗೀತಾರ. ಹಂಗಾರ ಅವ್ರೇನ್ ಕೊಡ್ತಾರ?"

"ಬೀಗ ಕೊಡ್ತಾರ ಯವ್ವಾ."

ಒಳಗಿನಿಂದ ರಾಜಶ್ರೀ ನಕ್ಕದ್ದು ಕೇಳಿಸಿತು. ಹೆಂಡತಿ ನಕ್ಕರೆ ಗಂಡನಿಗೆ ಸ್ವಾಭಿಮಾನ ಕೆರಳುವುದು ಲೋಕರೂಢಿ. ಗುರಪ್ಪ ಸರ್ ಎದ್ದು ನಿಂತರು. "ಆತು ನಡೀರಿ. ಇವತ್ತ ಆ ಪೇಪರ್ ಬಯಲಿಗೆ ತರ್ತೇನಿ. ನನ್ನ ಪೇಪರ್, ನಿಮ್ಮ ಗಿಡ. ನಡುವ ಯಾವನ ಬೀಗ?"

ಅಷ್ಟರಲ್ಲಿ ಫೋನು ಬಂತು. ಅವರ ಗೈಡ್, ವಿಶ್ವವಿದ್ಯಾಲಯದ ನಿಷತ ಮೇಡಂ.

"ಗುರಪ್ಪ ಅವರ, ಇವತ್ತು ಮಧ್ಯಾಹ್ನ ನಿಮ್ಮ ಪ್ರಬಂಧಾನ ನಕಲು ಹಿಡಿಯೋ ಸಾಫ್ಟ್‌ವೇರಿಗೆ ಹಾಕ್ತಾರ. ಸಂಜಿ ಕಮಿಟಿ ಕೂಡತದ. ಪಾಸಾತು ಅಂದ್ರ ನೀವು ಡಾಕ್ಟರ್ ಆದಂಗ. ನಿಮಗ ಕೈ ಮುಗೀತೀನಿ, ಇವತ್ತೊಂದಿನ ಏನೂ ಮಾಡದ ಸುಮ್ನ ಕೂಡ್ರಿ."

"ಮೇಡಂ, ನಾ ಪೇಪರ್ ಬಯಲಿಗೆ ಇಡಬೇಕಂತ ಮಾಡೀನ್ರಿ."

"ಜರ್ನಲ್‌ನವರಿಗೆ ಹಕ್ಕು ಬರದುಕೊಟ್ಟು ಸಹಿ ಮಾಡೀರಿ, ನೆನಪದ ಇಲ್ಲೋ? ಬಯಲಿಗೆ ಇಡಲಿಕ್ಕೂ ಒಂದು ದಾರಿ ಅದ. ನೀವು ಜರ್ನಲ್‌ಗೆ ಕಳಿಸಿದ ನಿಮ್ಮ ಸ್ವಂತ ಪ್ರತಿ ಅದಲ್ಲ, ಅದನ್ನ ನಮ್ಮ ಲೈಬ್ರರಿಯ ಆನ್‌ಲೈನ್ ಭಂಡಾರದಾಗ ಇಡಬಹುದು. ಕಾಯ್ದೆ ಪ್ರಕಾರ, ನಿಮ್ಮ ಹೆಸರಿಲೆ, ಖರ್ಚಿಲ್ಲದ. ಅರ್ಜಿ ಕೊಡ್ರಿ, ಮೂರ್ನಾಲ್ಕು ತಿಂಗಳಾಗ ಆಗತದ."

"ಅಷ್ಟರಾಗ ತಾಂಬಾದ ಗಿಡ ಎಲ್ಲಾ ಒಲಿಗೆ ಹೋಗಿರತಾವ್ರಿ. ಮೇಡಂ, ನಮ್ಮೂರು ಸಾಲೋಟಗಿ. ನಮ್ಮ ಹಿರ್ಯಾರು ಸಾವಿರ ವರ್ಷದ ಹಿಂದ ಕಲ್ಲಿನ ಮ್ಯಾಲ ಕೆತ್ತಿ ಮಂದಿ ಕಣ್ಣಿಗೆ ಬೀಳೂ ಹಂಗ ನಿಲ್ಲಿಸ್ಯಾರ. ಓದಾಕ ಬಂದವ್ರಿಗೆ ಪಾಸ್‌ವರ್ಡ್ ಕೇಳಿಲ್ಲ."

"ಕಲ್ಲು ಕೆತ್ತಿದವರಿಗೆ ಸಂಜಿ ಕಮಿಟಿ ಇರಲಿಲ್ಲ ಗುರಪ್ಪ ಅವರ," ಎಂದು ಮೇಡಂ ಫೋನಿಟ್ಟರು.

ರಾಜಶ್ರೀ ಒಳಗಿನಿಂದಲೇ ಎಂದಳು, "ಮೇಡಂ ಹೇಳಿದ್ದು ಕೇಳ್ರಿ. ಒಂದಿನ ಬಾಯಿ ಮುಚ್ಚಿಕೊಂಡ್ರ ನಿಮ್ಮ ಮನೆತನದ ಮರ್ಯಾದಿ ಏನ್ ಹೋಗಂಗಿಲ್ಲ."

ಆದರೆ ಗುರಪ್ಪ ಸರ್ ಆಗಲೇ ಚಪ್ಪಲಿ ಮೆಟ್ಟಿದ್ದರು. ಬಾಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಹೆದರಿ ಕೂತವನಿಗೆ ಡಾಕ್ಟರೇಟ್ ಯಾಕೆ ಬೇಕು ಎಂಬುದು ಅವರ ವಾದ. ಮನಸ್ಸಿನಲ್ಲಿ ಆಗಲೇ ಆ ವಿದೇಶಿ ಕಂಪನಿಯವರು ಇಂಡಿ ಸ್ಟೇಷನ್ನಿನಲ್ಲಿ ಇಳಿದು, ಕೋಟು ಬಿಚ್ಚಿ, ಬೆವರು ಒರೆಸಿಕೊಳ್ಳುತ್ತ ತಮ್ಮ ಕ್ಷಮೆ ಕೇಳುತ್ತಿದ್ದರು.

ಬಸ್‌ಸ್ಟ್ಯಾಂಡಿನ ಎದುರಿಗೆ ಶಕೀಲನ ಫ್ಲೆಕ್ಸ್ ಅಂಗಡಿ. ಇಂಡಿಯಲ್ಲಿ ಯಾವ ಸುದ್ದಿ ಬಯಲಿಗೆ ಬರಬೇಕಾದರೂ ಶಕೀಲನ ಯಂತ್ರದ ಬಾಯಿಂದಲೇ ಬರಬೇಕು. ಹುಟ್ಟಿದವರು, ಗೆದ್ದವರು, ತೀರಿಕೊಂಡವರು ಎಲ್ಲರಿಗೂ ಅವನೇ ಗತಿ. ಅವತ್ತು ಅವನ ಯಂತ್ರ ಉಸಿರು ಬಿಡದೆ ಓಡುತ್ತಿತ್ತು. ಯುವ ಮುಖಂಡ ಯುವರಾಜನ ಹುಟ್ಟುಹಬ್ಬ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಫ್ಲೆಕ್ಸ್ ಏಳಬೇಕಿತ್ತು.

ಈ ಯುವರಾಜ ಒಂದು ಕಾಲಕ್ಕೆ ಗುರಪ್ಪ ಸರ್ ಕೈಯಲ್ಲೇ ಕಲಿತವನು, ಅಂದರೆ ಕಲಿಯದೆ ಹೋದವನು. ಸಸ್ಯಶಾಸ್ತ್ರದಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಕೊನೆಗೆ ಎಲ್ಲಿಂದಲೋ ಅಂಚೆಯ ಮೂಲಕ ಎಂ.ಎಸ್ಸಿ.ವರೆಗಿನ ಪದವಿಗಳನ್ನು ತರಿಸಿಕೊಂಡಿದ್ದ.

"ಶಕೀಲ, ನನಗೊಂದು ಫ್ಲೆಕ್ಸ್ ಬೇಕು. ಲಿಂಬಿ ಮಾರ್ಕೆಟ್ಟಿನಾಗ ಹಚ್ಚಾಕ. ಪೇಪರ್ ಇಂಗ್ಲಿಷಿನಾಗ ಐತಿ, ಅದರ ಸಾರ ಕನ್ನಡದಾಗ ಬರದೀನಿ. ಅಕ್ಷರ ಅಷ್ಟ ಇರಲಿ, ಫೋಟೋ ಗೀಟೋ ಏನೂ ಬ್ಯಾಡ."

ಶಕೀಲ ಕೆಲಸ ನಿಲ್ಲಿಸಿ ಅವರನ್ನು ಮರುಕದಿಂದ ನೋಡಿದ. "ಮುಖ ಇಲ್ಲದ ಫ್ಲೆಕ್ಸ್ ಅಂದ್ರ ವರ ಇಲ್ಲದ ಮೆರವಣಿಗಿ ಇದ್ದಂಗ್ರಿ ಸರ. ಯಾರ ನಿಂತು ನೋಡ್ತಾರ? ಅಲ್ದ ಇವತ್ತು ಮಷೀನ್ ಖಾಲಿ ಇಲ್ರಿ. ನಾಳಿ ಬರ್ರಿ."

"ನಾಳಿ ಆಗಂಗಿಲ್ಲ. ಇವತ್ತ ಬೇಕು!"

ಶಕೀಲ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ನಿಯಮದವನು. "ಒಂದು ಕೆಲಸಾ ಮಾಡೋಣ್ರಿ. ಯುವರಾಜಣ್ಣನ ಫ್ಲೆಕ್ಸಿನಾಗ ಅವನ ಮಣಕಾಲ ಕೆಳಗ ಜಾಗಾ ಖಾಲಿ ಐತಿ. ಅಲ್ಲಿ ಕೇಕಿನ ಚಿತ್ರ ಹಾಕಾಂವ ಇದ್ದೆ. ಕೇಕ್ ತಗದು ನಿಮ್ಮ ಲಿಂಬಿ ಹಾಕ್ತೇನಿ. ನಿಮಗ ಖರ್ಚೂ ಇಲ್ಲ, ನಾಕೂ ಊರಾಗ ಮಂದಿ ಓದ್ತಾರ."

ಗುರಪ್ಪ ಸರ್ ಯೋಚಿಸಿದರು. ಯಾರ ಮೊಣಕಾಲ ಕೆಳಗಾದರೇನು, ಓದುವವರು ಓದಿದರೆ ಸರಿ. "ನನ್ನ ಹೆಸರು?"

"ಕೆಳಗ ದೊಡ್ಡದಾಗಿ ಹಾಕ್ತೇನ್ರಿ. ಮತ್ತ ಪೂರಾ ಪೇಪರ್ ಓದಾವ್ರಿಗೆ ಒಂದು ಕ್ಯೂಆರ್ ಚೌಕ ಇಡ್ತೇನಿ. ಮೊಬೈಲ್ ಹಿಡದ್ರ ಸಾಕು, ಪೇಪರ್ ತೆರಕೊಂಡು ಬರತೈತಿ."

"ಎಲ್ಲಿಂದ ಬರತೈತೋ?"

"ಅದ ನನ್ನ ಮ್ಯಾಲ ಬಿಡ್ರಿ ಸರ. ಪೆನ್ ಡ್ರೈವ್ ಕೊಟ್ಟು ನಡೀರಿ ನೀವು."

ಕಾಲೇಜಿನ ಮೊದಲ ಪಿರಿಯಡ್ ಶುರುವಾಗುವ ಹೊತ್ತು. ಗುರಪ್ಪ ಸರ್ ಪೆನ್ ಡ್ರೈವ್ ಕೊಟ್ಟು ಓಡಿದರು. ಅವರು ಆ ದಿನ ಮಾಡಿದ ತಪ್ಪುಗಳಲ್ಲಿ ಇದು ದೊಡ್ಡದೋ, ಚಿಕ್ಕದೋ ಎಂದು ಆಮೇಲೆ ಅವರ ಸಹೋದ್ಯೋಗಿಗಳಲ್ಲಿ ಬಹಳ ಚರ್ಚೆ ನಡೆಯಿತು.

ಮಧ್ಯಾಹ್ನದ ಕ್ಲಾಸಿನಲ್ಲಿ ಗುರಪ್ಪ ಸರ್ ಎಲೆಯ ಉಸಿರಾಟದ ಪಾಠ ಮಾಡುತ್ತಿದ್ದಾಗ ಸಿಂದಗಿಯಿಂದ ಭಾವಮೈದ ಕಾಂತುವಿನ ಫೋನು ಬಂತು. "ಮಾಮಾ, ಇಲ್ಲಿ ಬಸ್‌ಸ್ಟ್ಯಾಂಡಿನಾಗ ನಿಮ್ಮ ಲಿಂಬಿ ವಿಷಯ ಹಚ್ಯಾರ. ಮಂದಿ ನಿಂತು ಓದಾಕತ್ತಾರ! ಆದರ ಯುವರಾಜಣ್ಣ ಯಾವಾಗ ಸೈಂಟಿಸ್ಟ್ ಆದ?"

ಮುದ್ದೇಬಿಹಾಳದ ಗೆಳೆಯರೊಬ್ಬರು ಕರೆದು, "ಗುರಪ್ಪ, ಒಬ್ಬ ರಾಜಕೀಯದಾಂವ ನಿನ್ನ ವಿಷಯದಾಗ ಕೆಲಸಾ ಮಾಡ್ಯಾನ. ನೀ ಇನ್ನೂ ಪಿಎಚ್‌ಡಿ ಮುಗಿಸಲಿಲ್ಲಲ್ಲೋ, ನಾಚಿಕೀಗೇಡು" ಎಂದರು. ಬಾಗೇವಾಡಿಯಿಂದ ಬಂದ ಫೋನು ಅಭಿನಂದನೆಯದು. ಯುವರಾಜನಿಗೆ ತಲುಪಿಸಬೇಕಂತೆ. ಕೊಲ್ಹಾರದಲ್ಲಿ ಒಬ್ಬ ಮೀನಿನ ವ್ಯಾಪಾರಿ ಉಳಿಕೆ ಫ್ಲೆಕ್ಸ್ ತುಂಡನ್ನು ಬುಟ್ಟಿಗೆ ಹೊದಿಸಿ ಕೂತಿದ್ದಾನೆ, ಮೀನು ಕೊಳ್ಳುವವರೆಲ್ಲ ಲಿಂಬೆಯ ಬಗ್ಗೆ ಓದುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಗುರಪ್ಪ ಸರ್ ಎಲೆಗೆ ಉಸಿರಾಡಲು ಹೇಳಿ, ತಾವು ಉಸಿರುಗಟ್ಟಿಕೊಂಡು ಲಿಂಬೆ ಮಾರ್ಕೆಟ್ಟಿನ ಕಡೆ ಓಡಿದರು.

ಮಾರ್ಕೆಟ್ಟಿನ ಗೇಟಿನ ಮೇಲೆ ಫ್ಲೆಕ್ಸ್ ಆಕಾಶಕ್ಕೆ ಏಣಿ ಹಾಕಿತ್ತು. ನಡುವೆ ಕಪ್ಪು ಕನ್ನಡಕದ ಯುವರಾಜ, ಒಂದು ಕೈ ಮುಗಿಲಿಗೆ, ಇನ್ನೊಂದು ಕೈ ಸೊಂಟಕ್ಕೆ. ಅವನ ನೆತ್ತಿಯ ಮೇಲೆ ಕೆಂಪಕ್ಷರ: "ಯುವರಾಜಣ್ಣನವರ ಹುಟ್ಟುಹಬ್ಬದ ಕೊಡುಗೆ. ಲಿಂಬೆ ಬೆಳೆಗಾರರ ಬಾಳು ಬೆಳಗುವ ಮಹಾ ಸಂಶೋಧನೆ!" ಮೊಣಕಾಲ ಕೆಳಗೆ ಪೇಪರಿನ ಸಾರ. ಒಂದಕ್ಷರ ತಪ್ಪಿರಲಿಲ್ಲ. ಅದರ ಕೆಳಗೆ ಯುವರಾಜನ ಅಭಿಮಾನಿಗಳ ಅಂಚೆಚೀಟಿಯಂಥ ಮುಖಗಳ ಎರಡು ಸಾಲು. ಗುರಪ್ಪ ಸರ್ ಹೆಸರು ಎಲ್ಲಿಯೂ ಇಲ್ಲ.

ಅವರ ರಕ್ತ ಕುದಿಯುವುದರೊಳಗೆ ಒಂದು ಮಾತು ಕಿವಿಗೆ ಬಿತ್ತು. ಫ್ಲೆಕ್ಸಿನ ಕೆಳಗೆ ಮೂವರು ಬೆಳೆಗಾರರು ನಿಂತಿದ್ದರು.

"ಬೊಡ್ಡಿಗೆ ಹಚ್ಚಿ ಪೈಪ್ ಬಿಟ್ಟದ್ದ ತಪ್ಪಾಗೇತಿ ನೋಡೋ. ಬರದಾರ ಇಲ್ಲಿ."

"ಹಂಗಾರ ಇವತ್ತ ಸಂಜಿ ಎಲ್ಲಾ ಸರಸಬೇಕು."

ಗುರಪ್ಪ ಸರ್ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಅವರ ಪೇಪರನ್ನು ಯಾರಾದರೂ ಓದಿದ್ದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. ಜರ್ನಲ್‌ನ ಅಂಕಿಸಂಖ್ಯೆಯಲ್ಲಿ ಅವರಿಗೆ ಒಟ್ಟು ಇಬ್ಬರು ಓದುಗರಿದ್ದರು. ಅವರಲ್ಲಿ ಒಬ್ಬರು ನಿಷತ ಮೇಡಂ ಎಂದು ಅವರ ಅನುಮಾನ.

ಲಿಂಬೆ ಮಾರಲು ಅಲ್ಲಿಗೇ ಬಂದಿದ್ದ ಸಾತವ್ವನಿಗೆ ಮಾತ್ರ ಈ ಸಂತೋಷ ಗಂಟಲಲ್ಲಿ ಇಳಿಯಲಿಲ್ಲ. "ನನ್ನ ತೋಟ, ನಿನ್ನ ಬೆವರು. ಈ ಕನ್ನಡಕದಾಂವ ಯಾರೋ ನಡುವ?"

"ಹೆಸರು ಕೆಳಗ ಹಾಕ್ತೇನಿ ಅಂದಿದ್ದ ಯವ್ವಾ. ಕಾಣವಲ್ದು."

ಸಾತವ್ವ ಅತ್ತಿತ್ತ ನೋಡಿ, ಯಾರದೋ ಲಿಂಬೆ ಕೀಳುವ ದೋಟಿ ಎಳೆದುಕೊಂಡಳು. ಫ್ಲೆಕ್ಸಿನ ಕೆಳ ಅಂಚನ್ನು ಕಟ್ಟಿಗೆಗೆ ಸುತ್ತಿ ಮೊಳೆ ಹೊಡೆದಿದ್ದರು. ದೋಟಿಯ ಕೊಕ್ಕೆ ಹಾಕಿ ಜಗ್ಗಿದಳು. ಮೊಳೆ ಚಟಚಟನೆ ಕಿತ್ತು ಮಡಿಕೆ ಬಿಚ್ಚಿಕೊಂಡಿತು. ಅಲ್ಲಿ ಮೊದಲು ಕಂಡದ್ದು "ವಿನ್ಯಾಸ: ಶಕೀಲ ಡಿಜಿಟಲ್ಸ್." ಅದರ ಕೆಳಗೆ ಗುರಪ್ಪ ಸರ್ ಹೆಸರಿನ ಮೇಲಿನ ಅರ್ಧ. ಕೆಳಗಿನ ಅರ್ಧ ಕತ್ತರಿಗೆ ಹೋಗಿತ್ತು.

ಅದೇ ಹೊತ್ತಿಗೆ ಪಟಾಕಿ ಹಾರಿದವು. ಯುವರಾಜ ತೆರೆದ ಜೀಪಿನಲ್ಲಿ ಬಂದಿಳಿದ. ಕೊರಳಲ್ಲಿ ಲಿಂಬೆಕಾಯಿಯ ಹಾರ. ಬೆಳೆಗಾರರು ಪ್ರೀತಿಯಿಂದ ಹಾಕಿದ್ದರು. ಬಾಡಿಗೆಯ ಮೈಕ್ ಸೆಟ್ ಕೂಗತೊಡಗಿತು. ಯುವರಾಜನಿಗೆ ತಾನು ಮಾಡಿದ ಸಂಶೋಧನೆ ಏನೆಂದು ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಿಷಯದ ಮೇಲೆ ಮಾತಾಡುವುದರಲ್ಲಿ ಅವನದು ಎತ್ತಿ ಆಡಿಸಿದ ಕೈ.

ಗುರಪ್ಪ ಸರ್ ಜನರನ್ನು ತಳ್ಳಿಕೊಂಡು ಹೋಗಿ ಜೀಪಿನ ಬಾನೆಟ್ ಹತ್ತಿ ಮೈಕ್ ಕಸಿದುಕೊಂಡರು.

"ಕೇಳ್ರಿ! ಈ ಪೇಪರ್ ಬರದಾಂವ ನಾನು! ಬೀರಣ್ಣ ಕಾಕಾನ ತೋಟದಾಗ ಬಿಸಲಿಗೆ ಸುಟ್ಟು ಬರದೀನಿ. ಪರದೇಶದ ಕಂಪನಿ ಅದಕ್ಕ ಬೀಗ ಹಾಕಿತ್ತು. ಆ ಬೀಗ ಒಡದಾಂವನೂ ನಾನ! ಕೋರ್ಟಿಗೆ ಎಳೀಲಿ, ಜೇಲಿಗೆ ಹಾಕಲಿ, ನಾ ಹೆದರಂಗಿಲ್ಲ! ಸಾಲೋಟಗಿ ಶಾಸನ ಹೆಂಗ ಎಲ್ಲಾರಿಗೂ ಬಯಲಾಗ ಐತೋ, ಹಂಗ ಮಾಸ್ತರ ಬರದದ್ದು ಎಲ್ಲಾರಿಗೂ ಸಿಗಬೇಕು!"

ಯಾರೋ ಒಬ್ಬ ಚಪ್ಪಾಳೆ ತಟ್ಟಲು ಕೈ ಎತ್ತಿ ಯುವರಾಜನ ಮುಖ ನೋಡಿದ. ಯುವರಾಜ ಸಿಟ್ಟಾಗಲಿಲ್ಲ. ಸಿಟ್ಟಾಗುವವರು ಮುಖಂಡರಾಗುವುದಿಲ್ಲ. ಅವನು ಗುರುವಿನ ಕಾಲು ಮುಟ್ಟಿ ನಮಸ್ಕರಿಸಿ, ಮೈಕ್ ಮೆಲ್ಲಗೆ ಬಿಡಿಸಿಕೊಂಡ.

"ಗುರುಗಳು ಹೇಳಿದ್ದು ನೂರಕ್ಕ ನೂರು ಖರೆ. ಬರದವ್ರು ಅವರ. ಆದರ ಶಾಸನದ ಮಾತು ಬಂತು ಅಂತ ಕೇಳ್ತೇನಿ. ಕಲ್ಲಿನಾಗ ಕೆತ್ತಿದಾಂವನ ಹೆಸರು ಮಂದಿ ನೆನಪ ಇಡ್ತಾರೋ, ಕೆತ್ತಿಸಿದ ರಾಜನ ಹೆಸರು ನೆನಪ ಇಡ್ತಾರೋ?"

"ರಾಜನ ಹೆಸರು!" ಎಂದು ಜನ ಕೂಗಿದರು. ಶಿಳ್ಳೆ ಬಿದ್ದವು. ಯುವರಾಜ ಗುರಪ್ಪ ಸರ್‌ಗೆ ಶಾಲು ಹೊದಿಸಿ, ತನ್ನ ಕೊರಳ ಲಿಂಬೆ ಹಾರ ತೆಗೆದು ಅವರಿಗೆ ಹಾಕಿದ. ಫೋಟೋ ತೆಗೆದರು. ಫೋಟೋದಲ್ಲಿ ಗುರಪ್ಪ ಸರ್ ಯುವರಾಜನಿಗೆ ಧನ್ಯವಾದ ಹೇಳುತ್ತಿರುವಂತೆ ಕಾಣುತ್ತಿತ್ತು. ನಿಜವಾಗಿ ಅವರು ಬೈಯುತ್ತಿದ್ದರು.

ಸಂಜೆಗೆ ಗುರಪ್ಪ ಸರ್ ಬೀರಣ್ಣ, ಸಾತವ್ವರನ್ನು ಕರೆದುಕೊಂಡು ಶಕೀಲನ ಅಂಗಡಿಗೆ ನುಗ್ಗಿದರು. ನಾಲ್ಕೂ ಊರಿನ ಫ್ಲೆಕ್ಸ್ ಇಳಿಸಿ, ತಮ್ಮ ಹೆಸರು ಹಾಕಿ ಮತ್ತೆ ಏರಿಸಬೇಕು, ಇಲ್ಲವಾದರೆ ಅಂಗಡಿಯ ಮುಂದೆಯೇ ಕೂಡುತ್ತೇನೆ ಎಂದು ಕೂತೂ ಬಿಟ್ಟರು. ಒಳಗೆ ಯುವರಾಜ ತನ್ನ ಹುಡುಗರ ನಡುವೆ ಕುಳಿತು ಅವತ್ತಿನ ಫೋಟೋಗಳನ್ನು ಆರಿಸುತ್ತಿದ್ದ. ಅವನು ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ. ಸಾತವ್ವ ಅದರಲ್ಲಿ ಕೂತಳು.

ಆಗ ನಿಷತ ಮೇಡಂ ಫೋನು ಬಂತು. ಯಂತ್ರದ ಗದ್ದಲದಲ್ಲಿ ಕೇಳಿಸದೆ ಗುರಪ್ಪ ಸರ್ ಸ್ಪೀಕರ್ ಒತ್ತಿದರು. ಧ್ವನಿ ಗಾಳಿ ಬಿಟ್ಟ ಟೈರಿನಂತಿತ್ತು.

"ಗುರಪ್ಪ ಅವರ, ನಾ ಕಮಿಟಿಯೊಳಗ ಕೂತೀನಿ. ಸ್ಪೀಕರ್ ಹಾಕೀನಿ, ಅಧ್ಯಕ್ಷರೂ ಕೇಳಾಕತ್ತಾರ. ನಿಮ್ಮ ಪ್ರಬಂಧದಾಗ ಅರ್ಧಕ್ಕಿಂತ ಹೆಚ್ಚು ನಕಲು ಅಂತ ಬಂದದ."

"ನಕಲು? ಯಾರದ್ರಿ?"

"ಯುವರಾಜಣ್ಣ ಅಭಿಮಾನಿ ಬಳಗ, ಇಂಡಿ. ಅವರ ವೆಬ್‌ಸೈಟಿನಾಗ ನಿಮ್ಮ ಪೇಪರ್ ಪೂರ್ತಿ ಇಂಗ್ಲಿಷಿನಾಗ ಅದ. ಲೇಖಕರು ಯುವರಾಜ ಅಂತ ಅದ. ಪ್ರತಿ ಪುಟದಾಗ ಅವರ ಫೋಟೋ ಅದ!"

ಗುರಪ್ಪ ಸರ್ ಶಕೀಲನ ಕಡೆ ತಿರುಗಿದರು. ಶಕೀಲ ಅಮಾಯಕನಂತೆ ಹೇಳಿದ, "ಮತ್ತ ಎಲ್ಲಿ ಇಡಬೇಕಿತ್ರಿ ಸರ? ನಿಮ್ಮದು ಅಂತ ಒಂದು ವೆಬ್‌ಸೈಟ್ ಇಲ್ಲ. ಅಣ್ಣಂದು ಐತಿ. ಹೋದ ವರ್ಷದ ಹುಟ್ಟುಹಬ್ಬದ ಪುಟ ತಗದು ಅದರಾಗ ಇಟ್ಟೆ. ಹೆಸರು, ಫೋಟೋ ತಾನ ಬಂದು ಕೂಡತಾವ್ರಿ, ಅದರ ಸೆಟ್ಟಿಂಗ್ ಹಂಗ ಐತಿ."

"ತಾರೀಖು ನೋಡ್ರಿ ಮೇಡಂ! ಇವತ್ತ ಮುಂಜಾನಿ ಇಟ್ಟಾನ ಇಂವ!"

"ನೋಡಿದ್ವಿ. ಹೋದ ವರ್ಷದ ತಾರೀಖು ತೋರಸತದ."

ಹೋದ ವರ್ಷದ ಪುಟ, ಹೋದ ವರ್ಷದ ತಾರೀಖು. ಗುರಪ್ಪ ಸರ್ ಕೂತಲ್ಲಿಂದ ಎದ್ದು ನಿಂತರು. "ಜರ್ನಲ್ ತೆಗೀರಿ ಮೇಡಂ! ಅದಕ್ಕೂ ಮೊದಲ ಅಲ್ಲಿ ನನ್ನ ಹೆಸರಿಲೆ ಅಚ್ಚಾಗೇತಿ!"

ಈಗ ಅಧ್ಯಕ್ಷರೇ ಮಾತಾಡಿದರು. ದಪ್ಪ ಧ್ವನಿ. "ತೆಗೆದಿದ್ದೇವೆ ಗುರಪ್ಪ ಅವರೇ. ತಲೆಬರಹ ಕಾಣುತ್ತದೆ, ನಿಮ್ಮ ಹೆಸರು ಕಾಣುತ್ತದೆ. ಒಳಗೆ ಏನಿದೆ ಅಂತ ಕಾಣುವುದಿಲ್ಲ. ಬೀಗ ಇದೆ. ನಮ್ಮ ವಿಶ್ವವಿದ್ಯಾಲಯ ಆ ಜರ್ನಲ್‌ಗೆ ಚಂದಾ ಕಟ್ಟುವುದನ್ನು ಯಾವಾಗಲೋ ನಿಲ್ಲಿಸಿದೆ. ಬೀಗದ ಒಳಗಿನ ಮಾಲು ನಿಮ್ಮದು ಅಂತ ನಾವು ಹೇಗೆ ನಂಬೋಣ? ಬಯಲಿನಲ್ಲಿ ಇರುವುದರ ಮೇಲೆ ಬೇರೆಯವರ ಹೆಸರಿದೆ."

"ನಾ ಗೈಡ್ ಅಂತ ಸಾಕ್ಷಿ ಹೇಳಿದೆ," ಎಂದರು ನಿಷತ ಮೇಡಂ. "ಗೈಡ್ ಮಾತು ಸಾಕ್ಷಿ ಅಲ್ಲ ಅಂದ್ರು. ಈಗ ಒಂದ ದಾರಿ ಉಳದದ. ಆ ಯುವರಾಜ ಅನ್ನೋರು 'ಇದು ನನ್ನದಲ್ಲ' ಅಂತ ಒಂದ ಮಾತು ಹೇಳಿದ್ರ ಸಾಕು. ಎಲ್ಲಾ ಮುಗೀತು."

ಗುರಪ್ಪ ಸರ್‌ಗೆ ಹೋದ ಜೀವ ಬಂದಂತಾಯಿತು. ಯುವರಾಜ ಎದುರಿಗೇ ಇದ್ದಾನೆ, ಕಾಲು ಮುಟ್ಟಿದ ಶಿಷ್ಯ. ಆದರೂ ತಮ್ಮದೇ ಪೇಪರಿಗಾಗಿ ಇನ್ನೊಬ್ಬರ ಮುಂದೆ ಕೈಯೊಡ್ಡಲು ಮನಸ್ಸು ಒಪ್ಪಲಿಲ್ಲ. ಕೈಯೊಡ್ಡಿದ್ದು ಸಾತವ್ವ.

"ಯಪ್ಪಾ, ನಿನಗ ಲಿಂಬಿ ಗಿಡ ಯಾವುದು, ಜಾಲಿ ಗಿಡ ಯಾವುದು ಗೊತ್ತಿಲ್ಲ. ಒಂದು ಮಾತು ಖರೆ ಹೇಳು. ನಿನ್ನ ಗಂಟೇನ್ ಹೋಗತೈತಿ?"

ಯುವರಾಜ ಫೋನು ಇಸಿದುಕೊಂಡ. ಸುತ್ತಲೂ ಅವನ ಹುಡುಗರು. ನಾಲ್ಕು ತಾಲ್ಲೂಕಿನ ಅಭಿನಂದನೆ ಅವನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಅವನು ಹುಡುಗರ ಮುಖ ನೋಡಿದ. ಹುಡುಗರು ಅವನ ಮುಖ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ.

"ನಮಸ್ಕಾರ್ರಿ ಸಾಹೇಬ್ರ. ನಾ ಯುವರಾಜ. ಪೇಪರ್ ನಂದ ಐತಿ. ಅದರ ಬಗ್ಗಿ ನಾಕು ತಾಲೂಕಿನಾಗ ಯಾರನ್ನ ಬೇಕಾದ್ರೂ ಕೇಳ್ರಿ. ಆದರ ಗುರಪ್ಪ ಸರ್ ನಮ್ಮ ಮನಿಷಾರು, ನನಗ ಅಕ್ಷರ ಕಲಿಸಿದವ್ರು. ಅವ್ರು ನಂದು ತಗೊಂಡ್ರ ನನಗ ಏನೂ ತಕರಾರಿಲ್ಲ. ಕೇಸ್ ಹಾಕಂಗಿಲ್ಲ. ದೊಡ್ಡ ಮನಸ ಮಾಡಿ ಡಾಕ್ಟರೇಟ್ ಕೊಟ್ಟಬಿಡ್ರಿ."

ಹೀಗೆ ಹೇಳಿ ಅವನು ಗುರಪ್ಪ ಸರ್ ಕಡೆ ತಿರುಗಿ, ಕೆಲಸ ಆಯಿತು ಎಂಬಂತೆ ಕಣ್ಣು ಹೊಡೆದ. ಉಪಕಾರ ಮಾಡಿದ ತೃಪ್ತಿ ಅವನ ಮುಖದಲ್ಲಿ ನಿಜವಾಗಿಯೂ ಇತ್ತು.

ಫೋನಿನ ಆ ಕಡೆ ಯಾರೋ ಫೈಲು ಮುಚ್ಚಿದ ಸದ್ದು ಕೇಳಿತು. "ಅಂದರೆ ನಕಲು ಮಾಡಿದ್ದು ಖಚಿತವಾಯಿತು," ಎಂದರು ಅಧ್ಯಕ್ಷರು. "ಗುರಪ್ಪ ಅವರ ಪ್ರಬಂಧ ತಿರಸ್ಕೃತ. ಯುವರಾಜ ಅವರೇ, ನಿಮ್ಮ ದೊಡ್ಡತನ ನೋಡಿ ಸಂತೋಷವಾಯಿತು. ಇಷ್ಟು ಒಳ್ಳೆಯ ಕೆಲಸ ಮಾಡಿದ್ದೀರಿ, ನಿಮಗೆ ಡಾಕ್ಟರೇಟ್ ಆಗಿದೆಯೋ?"

"ಇಲ್ರಿ ಸಾಹೇಬ್ರ. ಎಂ.ಎಸ್ಸಿ. ಆಗೇತಿ."

"ಮತ್ತೇಕೆ ತಡ? ಬರುವ ಸೋಮವಾರವೇ ಬಂದು ಹೆಸರು ನೋಂದಾಯಿಸಿ. ನಿಷತ ಮೇಡಂ ಕೈಯಲ್ಲಿ ಈಗ ಒಂದು ಜಾಗ ಖಾಲಿಯಾಗಿದೆ."

ಫೋನು ಕಟ್ಟಾಯಿತು. ಸಾತವ್ವ ಯುವರಾಜನನ್ನು ಅಪ್ಪ ಅಜ್ಜಂದಿರ ಸಮೇತ ಬೈಯತೊಡಗಿದಳು. ಬೀರಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಗುರಪ್ಪ ಸರ್‌ದು ನೌಕರಿ ಹೋಯಿತು, ಡಾಕ್ಟರೇಟ್ ಹೋಯಿತು, ಮನೆಗೆ ಹೋಗಿ ರಾಜಶ್ರೀಗೆ ಏನು ಹೇಳಬೇಕೋ ತಿಳಿಯದು. ಆದರೂ ತಲೆ ಮಾತ್ರ ತಗ್ಗಲಿಲ್ಲ. ಮತ್ತೆ ಅಂಥದೇ ದಿನ ಬಂದರೆ ಮತ್ತೆ ಅದೇ ಪೇಪರು ಬಯಲಿಗೆ ಇಡುವವರೇ ಅವರು.

ಯುವರಾಜ ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದ. ಧ್ವನಿ ತಗ್ಗಿಸಿ, ವಿನಯದಿಂದ ಹೇಳಿದ, "ಸರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ನೀವು ಹೆಂಗೂ ಈಗ ಖಾಲಿ ಅದೀರಿ. ನನಗ ಇಂಗ್ಲಿಷ್ ಬರಂಗಿಲ್ಲ, ನಿಮಗ ಗೊತ್ತ ಐತಿ. ನನ್ನ ಪ್ರಬಂಧ ನೀವ ಬರದುಕೊಡ್ರಲ್ಲ."

"ಬರಿಯಂಗಿಲ್ಲ!" ಗುರಪ್ಪ ಸರ್ ಗುಡುಗಿದ ಸದ್ದಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ತಿರುಗಿ ನೋಡಿದರು. "ಕೈ ಕಡದ್ರೂ ಬರಿಯಂಗಿಲ್ಲ! ಉಪವಾಸ ಸಾಯ್ತೇನಿ, ನಿನಗ ಒಂದು ಅಕ್ಷರ ಬರದು ಕೊಡಂಗಿಲ್ಲ! ಏನ್ ಮಾಡ್ತಿ ಮಾಡಕೋ!"

ಶಕೀಲ ಕಂಪ್ಯೂಟರಿನಿಂದ ಮುಖ ಎತ್ತದೆ, ಸಮಾಧಾನ ಹೇಳುವವನಂತೆ ಮಾತಾಡಿದ.

"ಸಿಟ್ಟಿಗೇಳಬ್ಯಾಡ್ರಿ ಸರ. ಬರಿಯೂದು ಏನ್ ಉಳದೈತಿ? ನಿಮ್ಮ ಪೆನ್ ಡ್ರೈವಿನಾಗ ಪೇಪರಿನ ಜೋಡಿ ಪೂರಾ ಪ್ರಬಂಧನೂ ಇತ್ತು, ಎಲ್ಲಾ ನನ್ನ ಕಂಪ್ಯೂಟರಿನಾಗ ಐತಿ. ಅಣ್ಣಾ, ಮುಖಪುಟಕ್ಕ ಕನ್ನಡಕದ ಫೋಟೋ ಹಾಕ್ಲೋ, ಇವತ್ತಿನ ಲಿಂಬಿ ಹಾರದ್ದು ಹಾಕ್ಲೋ?"